ಅಪ್ಪಿಯ ಮದುವೆ, ಓಂಕಾರಪ್ಪನ ಬೆನ್ನು

ಮದುವೆಗೆ ಮುಂಚೆ ಜನ ಹೆಣ್ಣಿನ ಬಣ್ಣ ಕೇಳುತ್ತಾರೆ, ಓದು ಕೇಳುತ್ತಾರೆ, ಮುದ್ದೆ ತಿರುವಲು ಬರುತ್ತದಾ ಎಂದು ಕೇಳುತ್ತಾರೆ. ನಮ್ಮ ಅಪ್ಪಿಯ ವಿಷಯದಲ್ಲಿ ಮಾತ್ರ ನೆಂಟರಿಷ್ಟರೆಲ್ಲ ಸೇರಿ ಕೇಳಿದ್ದು ಒಂದೇ ಪ್ರಶ್ನೆ: ಹುಡುಗಿಯ ತೂಕ ಎಷ್ಟು? ಕೇಳಿದವರಿಗೆ ನಾನು ಕೊಟ್ಟ ಉತ್ತರ ಇಲ್ಲಿ ಬರೆಯುವಂಥದ್ದಲ್ಲ. ಅಂಗನವಾಡಿ ಟೀಚರ್ ಬಾಯಲ್ಲಿ ಇಂಥ ಮಾತಾ ಎಂದು ನನ್ನ ನಾದಿನಿ ಉಡಚಮ್ಮನೇ ಕಿವಿ ಮುಚ್ಚಿಕೊಂಡಳು. ಬಾಯಿ ನನ್ನದು, ಬೇಕಾದ ಹಾಗೆ ಬಳಸುತ್ತೇನೆ.

ಅಪ್ಪಿ ಎಂದರೆ ಅರ್ಪಿತಾ, ಸವಳಂಗದ ಉಡಚಮ್ಮನ ಒಬ್ಬಳೇ ಮಗಳು. ಉಡಚಮ್ಮ ನನ್ನ ಗಂಡ ಓಂಕಾರಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ಅವಳು ಕೂಲಿಗೆ ಹೋಗುತ್ತ ಮಗಳನ್ನು ಓದಿಸಲಾರದೆ ಒದ್ದಾಡುತ್ತಿದ್ದಾಗ, ನನ್ನ ಗಂಡ ಬಸ್ಸು ಹತ್ತಿ ಹೋಗಿ ಹುಡುಗಿಯನ್ನು ಚನ್ನಗಿರಿಗೆ ಕರೆದುಕೊಂಡು ಬಂದ. (ಎದುರಿಗೆ ರೀ ಎನ್ನುತ್ತೇನೆ, ಬರೆಯುವಾಗ ಅವನಿಗೆ ಇಷ್ಟೇ ಮರ್ಯಾದೆ.) ನನ್ನನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದೆನಾ, ಅದು ಬೇರೆ ಮಾತು. ಕೇಳಬೇಕಿತ್ತು. ಆ ಜಗಳ ಇನ್ನೂ ಮುಗಿದಿಲ್ಲ. ಹುಡುಗಿ ಮಾತ್ರ ಮಕ್ಕಳಿಲ್ಲದ ನಮ್ಮ ಮನೆಯಲ್ಲಿ ಉಂಡು, ಓದಿ, ಬೆಳೆದು, ನಮ್ಮ ಮನೆಯಿಂದಲೇ ಬೆಂಗಳೂರಿಗೆ ಕೆಲಸಕ್ಕೆ ಹೋದಳು.

ಓಂಕಾರಪ್ಪ ಅಡಿಕೆ ಮಂಡಿಯಲ್ಲಿ ಹಮಾಲಿ. ತುಂಬಿದ ಚೀಲ ಬೆನ್ನಿಗೆ ಹಾಕಿಕೊಂಡು, ಹಲಗೆ ಹತ್ತಿ, ಲಾರಿಗೆ ತುಂಬುವ ಕೆಲಸ. ನೋಡಿದರೆ ಒಣಕಲ, ಮೈಯಲ್ಲಿ ಮಾಂಸವೇ ಇಲ್ಲ, ಬರೀ ನರ. ಅಪ್ಪಿ ಹೈಸ್ಕೂಲಿನಲ್ಲಿದ್ದಾಗ ಒಂದು ಸಂಜೆ ನಾನು ಮನೆಗೆ ಬಂದರೆ, ಪಡಸಾಲೆಯಲ್ಲಿ ಇವನು ಹುಡುಗಿಯ ಮುಂದೆ ರೇಷನ್ ಅಕ್ಕಿಯ ಮೂಟೆ ಇಟ್ಟುಕೊಂಡು ಪಾಠ ಮಾಡುತ್ತಿದ್ದಾನೆ. ಬೆನ್ನು ನೆಟ್ಟಗಿಡು, ತೊಡೆ ಮೇಲೆ ಬಲ ಬಿಡು, ಎತ್ತುವಾಗ ಉಸಿರು ಹಿಡಿ.

"ಹೆಣ್ಣುಹುಡುಗಿಗೆ ಮೂಟೆ ಹೊರೋದು ಕಲಿಸ್ತೀರಲ್ರೀ, ನಾಳೆ ಇವಳ್ನೂ ಹಮಾಲಿ ಮಾಡ್ತೀರಾ?" ಎಂದೆ.

"ಹೆಣ್ಮಕ್ಕಳು ಏನು ಕಮ್ಮಿ ಹೊರ್ತಾರಾ? ಕೊಡ ಹೊರಲ್ವಾ, ಸೌದೆ ಹೊರಲ್ವಾ? ಹೊರಾಕೆ ಗೊತ್ತಿದ್ರೆ ಸೊಂಟ ಉಳೀತದೆ ಕಣೇ."

ಅವನ ಮಾತು ಸರಿಯಿದ್ದಾಗ ನನಗೆ ಸಿಟ್ಟು ಜಾಸ್ತಿ. ಒಳಗೆ ಹೋಗಿ ಪ್ಲಾಸ್ಟಿಕ್ ವೈರಿನ ಸುರುಳಿ ತಂದು, "ಬಾ ಇಲ್ಲಿ, ನಾನೂ ಒಂದು ಕಲಿಸ್ತೀನಿ" ಎಂದು ಹುಡುಗಿಯನ್ನು ಎಳೆದು ಕೂರಿಸಿಕೊಂಡು ವೈರ್ ಬುಟ್ಟಿ ಹೆಣೆಯುವುದನ್ನು ಹೇಳಿಕೊಟ್ಟೆ. ಅವಳು ಎರಡನ್ನೂ ಬಿಡಲಿಲ್ಲ. ಬೆಂಗಳೂರಿಗೆ ಹೋದವಳು ಜಿಮ್ ಸೇರಿ ಕಬ್ಬಿಣ ಎತ್ತುವ ಸ್ಪರ್ಧೆಗಳಿಗೆ ಹೋಗತೊಡಗಿದಳು, ರಜೆ ಸಿಕ್ಕಾಗ ಬುಟ್ಟಿ ಹೆಣೆದು ಅಲ್ಲಿನ ಅಪಾರ್ಟ್‌ಮೆಂಟಿನವರಿಗೆ ಮಾರತೊಡಗಿದಳು. ತೋಳು, ತೊಡೆ ಎಲ್ಲ ತುಂಬಿಕೊಂಡು, ಊರಿಗೆ ಬಂದಾಗ ಬಾಗಿಲ ತುಂಬ ಕಾಣುತ್ತಿದ್ದಳು. ನನಗಂತೂ ಕಣ್ಣಿಗೆ ಹಬ್ಬ. ಅಂಗನವಾಡಿಯಲ್ಲಿ ಮೊಟ್ಟೆ ತಿನ್ನಿಸಿ ತಿನ್ನಿಸಿ ಸಾಕಾದರೂ ಮಕ್ಕಳ ತೂಕ ಏರುವುದಿಲ್ಲ ಎಂದು ಗೋಳಾಡುವವಳು ನಾನು. ಒಬ್ಬಳಾದರೂ ಏರಿದಳಲ್ಲ.

ಹುಡುಗನನ್ನು ಅವಳೇ ನೋಡಿಕೊಂಡಳು. ಜಗಳೂರು ತಾಲ್ಲೂಕಿನ ಬಿಳಿಚೋಡಿನ ರಘುನಾಥ, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ತನ್ನ ಕೆಲಸದ ಗೋದಾಮಿನಲ್ಲಿ ಪೆಟ್ಟಿಗೆ ಬಿಚ್ಚುವಾಗ ಕೈ ಕೊಯ್ದುಕೊಂಡು ಹೋದವಳಿಗೆ ಪಟ್ಟಿ ಕಟ್ಟಿದವನು. ಇಬ್ಬರೂ ಒಪ್ಪಿಕೊಂಡು ಆಮೇಲೆ ನಮ್ಮನ್ನು ಕೇಳಿದರು. ಅದಕ್ಕೂ ನಾನು ಕೂಗಾಡಿದೆ. ಹುಡುಗ ಮನೆಗೆ ಬಂದು, ಉಂಡ ತಟ್ಟೆ ತಾನೇ ತೊಳೆದಿಟ್ಟ ಮೇಲೆ ಸುಮ್ಮನಾದೆ.

ತೂಕದ ಮಾತು ಶುರುವಾಗಿದ್ದು ಇಲ್ಲಿಂದ. ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಬಾಸಿಂಗ ಕಟ್ಟಿದ ಹೆಣ್ಣು ಒಬ್ಬಳೇ ನಡೆದು ಮಂಟಪಕ್ಕೆ ಬರುವ ಹಾಗಿಲ್ಲ. ಸೋದರಮಾವ ಅವಳನ್ನು ಎರಡೂ ತೋಳಿನಲ್ಲಿ ಎತ್ತಿಕೊಂಡು ಬಂದು ಗಂಡಿನ ಪಕ್ಕ ಕೂರಿಸಬೇಕು. ನನ್ನ ಮದುವೆಯಲ್ಲೂ ನನ್ನ ಸೋದರಮಾವ ಎತ್ತಿಕೊಂಡು ಬಂದಿದ್ದ. ಅಪ್ಪನಿಲ್ಲದ ಹೆಣ್ಣಿಗಂತೂ ಆ ತೋಳೇ ತವರು. ಓಂಕಾರಪ್ಪ ಇದಕ್ಕಾಗಿ ಕಾದಿದ್ದ ಎಂದರೆ ಸುಳ್ಳಲ್ಲ. ಬೇರೆಯವರ ಮದುವೆಗೆ ಹೋದಾಗೆಲ್ಲ ಸೋದರಮಾವ ಹೆಣ್ಣನ್ನು ಎತ್ತುವುದನ್ನೇ ಕಣ್ಣು ಮಿಟುಕಿಸದೆ ನೋಡುತ್ತ, "ಹಿಡಿತ ಸರಿ ಇಲ್ಲ, ನೋಡು" ಎಂದು ನನ್ನ ಕಿವಿಯಲ್ಲಿ ಊದುತ್ತಿದ್ದ.

ಆದರೆ ಹಿಂದಿನ ವರ್ಷ ಮಳೆಯಲ್ಲಿ ಹಲಗೆ ಜಾರಿ, ಬೆನ್ನ ಮೇಲಿನ ಚೀಲದ ಸಮೇತ ಲಾರಿಯಿಂದ ಕೆಳಗೆ ಬಿದ್ದ. ಅವತ್ತಿಗೇ ಬೆನ್ನು ಹೋಯಿತು. ನಡೆಯುತ್ತಾನೆ, ಬಗ್ಗಲಾರ. ಮಂಡಿಯವರು ಚೀಲದ ಬಾಯಿ ಹೊಲಿಯುವ ಕೆಲಸ ಕೊಟ್ಟು ಕೂರಿಸಿದರು.

ನಿಶ್ಚಿತಾರ್ಥದ ದಿನ ಸವಳಂಗದಲ್ಲಿ ಧರ್ಮಪ್ಪ ಎದ್ದು ನಿಂತ. ಹೊನ್ನಾಳಿಯ ಈ ಮನುಷ್ಯ ನನ್ನ ಗಂಡನ ಚಿಕ್ಕಪ್ಪನ ಮಗ, ರಸ್ತೆ ಗುತ್ತಿಗೆದಾರ. ಉಡಚಮ್ಮ ಕೂಲಿಗೆ ಹೋಗುತ್ತಿದ್ದಾಗ ಅವಳ ಮನೆಯ ದಾರಿ ಇವನಿಗೆ ಗೊತ್ತಿರಲಿಲ್ಲ. ಈಗ ಪಂಚಾಯಿತಿ ಚುನಾವಣೆಗೆ ನಿಲ್ಲುವ ಯೋಚನೆ, ನೂರಾರು ಜನರ ಮುಂದೆ ಮದುಮಗಳನ್ನು ಎತ್ತಿಕೊಂಡು ಫೋಟೊ ಹೊಡೆಸಿಕೊಳ್ಳುವ ಆಸೆ.

"ಓಂಕಾರಣ್ಣನ ಕೈಲಿ ಎಲ್ಲಾಗ್ತದೆ ಬಿಡ್ರಿ. ನಾನೂ ಸೋದರಮಾವನೇ, ನಾನು ಎತ್ತಿಕೊಂಡು ಬರ್ತೀನಿ. ಆದ್ರೆ ಹುಡುಗಿ ಅಷ್ಟೊತ್ತಿಗೆ ಒಂಚೂರು ಕರಗಬೇಕು. ಹಿಂಗೇ ಇದ್ರೆ ಕ್ರೇನ್ ತರಿಸಬೇಕಾಗ್ತದೆ" ಎಂದ.

ಎಲ್ಲರೂ ಗೊಳ್ಳೆಂದು ನಕ್ಕರು. ಅಪ್ಪಿಯೂ ನಕ್ಕಳು, ಆದರೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ನಾನು ಬಾಯಿ ತೆರೆಯುವಷ್ಟರಲ್ಲಿ ಓಂಕಾರಪ್ಪ ಗೋಡೆ ಹಿಡಿದು ಎದ್ದ.

"ನಮ್ಮ ಅಪ್ಪಿನ್ನ ಎತ್ತೋನು ನಾನು. ಇನ್ನೊಬ್ಬ ಮುಟ್ಟಿದ್ರೆ ಈ ಮದುವೇಲಿ ನಾನಿಲ್ಲ."

ಅವತ್ತಿನಿಂದ ನನಗೆ ನಿದ್ದೆ ಹೋಯಿತು.

ರಘುನಾಥ ತಮ್ಮ ಆಸ್ಪತ್ರೆಯಲ್ಲಿ ಬೆನ್ನಿನ ಡಾಕ್ಟರಿಗೆ ತೋರಿಸೋಣ ಎಂದು ನಮ್ಮಿಬ್ಬರನ್ನೂ ಬೆಂಗಳೂರಿಗೆ ಕರೆಸಿದ. ಡಾಕ್ಟರ್ ಪರದೆಯ ಮೇಲೆ ಚಿತ್ರ ತೋರಿಸಿ, ಇನ್ನೊಂದು ಸಲ ಭಾರ ಎತ್ತಿದರೆ ಕಾಲಿನ ಸ್ವಾಧೀನ ಹೋಗಬಹುದು, ಆಮೇಲೆ ಆಪರೇಷನ್ ಮಾಡಿದರೂ ಎದ್ದು ನಡೆಯುವ ಭರವಸೆ ಕೊಡಲಾರೆ ಎಂದರು. ನನ್ನ ಗಂಡ ಶಾಲೆ ಹುಡುಗನ ಹಾಗೆ ಎಲ್ಲದಕ್ಕೂ ತಲೆ ಆಡಿಸಿದ. ಊರಿಗೆ ಹೊರಡುವಾಗ ಬಸ್ ಸ್ಟ್ಯಾಂಡಿನಲ್ಲಿ ನನಗೆ ಹೇಳುತ್ತಾನೆ:

"ಅವ್ರು ಹೇಳಿದ್ದು ಚೀಲದ ಮಾತು. ಅಪ್ಪಿ ಏನು ಚೀಲನಾ?"

"ನಿಮಗೆ ತಲೆ ನೆಟ್ಟಗೈತಾ? ನಾಳೆ ನೀವು ಹಾಸಿಗೆ ಹಿಡಿದ್ರೆ ನಿಮ್ಮನ್ನ ಎತ್ತಿ ಕೂರಿಸೋರು ಯಾರು? ಧರ್ಮಪ್ಪ ಬರ್ತಾನಾ?"

"ನೀನಿದೀಯಲ್ಲ."

ಹಾಗೆಂದು ಬಸ್ಸು ಹತ್ತಿ ಕೂತ. ಇಂಥವನ ಜೊತೆ ಯಾರು ವಾದ ಮಾಡುತ್ತಾರೆ? ಮದುವೆ ತಯಾರಿಗೆಂದು ನಾನು ರಜೆ ಹಾಕಿ ಅಪ್ಪಿಯ ಲಗ್ಗೆರೆಯ ಕೋಣೆಯಲ್ಲೇ ಉಳಿದೆ.

ಬೆಂಗಳೂರಿನಲ್ಲಿ ಆ ಹುಡುಗಿ ಬದುಕುವ ರೀತಿ ನೋಡಿ ನನ್ನ ತಲೆ ಗಿರ್ರೆಂದಿತು. ಹಾಲಿನವನು ಬರುವ ಮುಂಚೆ ಎದ್ದು ಜಿಮ್ಮಿಗೆ ಓಡುತ್ತಾಳೆ. ಬಂದು ಸ್ನಾನ ಮಾಡಿ, ನಿಂತುಕೊಂಡೇ ಏನೋ ಬಾಯಿಗೆ ಹಾಕಿಕೊಂಡು, ನೆಲಮಂಗಲದ ಕಡೆಯ ಗೋದಾಮಿಗೆ ಬಸ್ಸು. ಆನ್‌ಲೈನಿನಲ್ಲಿ ಜನ ತರಿಸಿಕೊಳ್ಳುವ ಸಾಮಾನೆಲ್ಲ ಅಲ್ಲಿಂದ ಹೋಗುತ್ತದಂತೆ, ಇವಳು ಅಲ್ಲಿ ಒಂದು ಪಾಳಿಯ ಸೂಪರ್‌ವೈಸರ್. ಸೀಟು ಸಿಕ್ಕರೆ ತೊಡೆಯ ಮೇಲೆ ವೈರ್ ಬುಟ್ಟಿ. ಮದುವೆಗೆ ಬರುವ ಪ್ರತಿ ಮನೆಗೂ ಸ್ಟೀಲ್ ಡಬ್ಬಿಯ ಬದಲು ತನ್ನ ಕೈಯಲ್ಲೇ ಹೆಣೆದ ಬುಟ್ಟಿ ಕೊಡಬೇಕೆಂದು ಹಟ. ಕೈ ಗಂಟು ಹಾಕುತ್ತಿದ್ದರೆ ಕಿವಿಗೆ ಫೋನು. "ಅಣ್ಣಾ, ಶಾಮಿಯಾನ ಹಿಂದಿನ ದಿನಾನೇ ಬರಬೇಕು. ಇಲ್ಲ ಅಣ್ಣಾ, ಗುಲಾಬಿ ಬ್ಯಾಡ. ಪಾಯಸಕ್ಕೆ ಶಾವಿಗೆ ಅಂದಿದ್ದೆ ನಾನು." ಪಕ್ಕದಲ್ಲಿ ಕೂತವರು ಅವಳ ಮದುವೆಯ ಊಟವೇನೆಂದು ಬಾಯಿಪಾಠ ಮಾಡಿಕೊಂಡು ಇಳಿಯುತ್ತಿದ್ದರು.

ರಘುನಾಥನದು ಇನ್ನೊಂದು ಕಥೆ. ರಾತ್ರಿ ಪಾಳಿ ಮುಗಿಸಿ ಭಾನುವಾರ ನಮ್ಮ ಜೊತೆ ಸೀರೆ ಅಂಗಡಿಗೆ ಬಂದವನು ಗಾದಿಯ ಮೇಲೆ ಕೂತಲ್ಲೇ ನಿದ್ದೆ ಹೋದ. ಅಪ್ಪಿ ಅವನ ಮೈಮೇಲೇ ಒಂದೊಂದಾಗಿ ಸೀರೆ ಹರವಿ ಬಣ್ಣ ನೋಡಿದಳು. ಅಂಗಡಿಯವನಿಗೆ ನಗು ತಡೆಯಲಾಗಲಿಲ್ಲ. ಕೊನೆಗೆ ಕೊಂಡಿದ್ದು ಅವನ ಮೈಮೇಲೆ ಚೆಂದ ಕಂಡ ಹಳದಿ ಸೀರೆಯನ್ನೇ.

ಇಷ್ಟೆಲ್ಲ ಸರಿ. ಆದರೆ ಹುಡುಗಿಯ ಕೆನ್ನೆ ಒಳಗೆ ಹೋಗುತ್ತಿತ್ತು. ನಾನು ಕಟ್ಟಿಕೊಟ್ಟ ಡಬ್ಬಿ ಸಂಜೆ ಖಾಲಿಯಾಗಿಯೇ ಬರುತ್ತಿತ್ತು, ಆದರೂ ನನಗೆ ಅನುಮಾನ. ನೂರಾರು ಮಕ್ಕಳಿಗೆ ಊಟ ಹಾಕಿದ ಕೈ ಇದು. ಉಂಡ ಮುಖ ಯಾವುದು, ಉಣ್ಣದ ಮುಖ ಯಾವುದು ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಒಂದು ದಿನ ಬೆಳಿಗ್ಗೆ ಬೇಡವೆಂದರೂ ಕೇಳದೆ ಅವಳ ಹಿಂದೆಯೇ ಜಿಮ್ಮಿಗೆ ಹೋಗಿ ಮೂಲೆಯಲ್ಲಿ ಕೂತೆ.

ಅಪ್ಪಿ ಕಬ್ಬಿಣದ ಸರಳಿಗೆ ಎರಡೂ ಕಡೆ ಬಿಲ್ಲೆ ಹಾಕಿ, ಬಗ್ಗಿ ಹಿಡಿದು ಎತ್ತಿದಳು. ಮೊಣಕಾಲಿನ ತನಕ ಬಂತು. ಅಲ್ಲಿಗೆ ಹಿಡಿತ ತಪ್ಪಿ, ಸರಳು ಧಡ್ ಎಂದು ನೆಲಕ್ಕೆ ಬಿತ್ತು. ಅವಳೂ ಪಕ್ಕದಲ್ಲೇ ಕುಸಿದು ತಲೆ ಹಿಡಿದುಕೊಂಡಳು. ಅಲ್ಲಿನ ಕೋಚ್ ಹೆಂಗಸು ನೀರು ತಂದುಕೊಟ್ಟು, "ಒಂದು ತಿಂಗಳಿಂದ ಹಿಂಗೇ ಆಂಟಿ, ಯಾಕೆ ಅಂದ್ರೆ ಹೇಳಲ್ಲ" ಎಂದಳು.

ನಾನು ಹೋಗಿ ಅವಳ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತೆ.

"ನಿನ್ನೆ ಏನು ತಿಂದೆ?"

"ತಿಂದೆ ಅತ್ತೆ."

"ಏನು ಅಂತ ಕೇಳಿದ್ದು."

"ಸೌತೆಕಾಯಿ."

"ಸೌತೆಕಾಯಿ ತಿಂದು ಕಬ್ಬಿಣ ಎತ್ತಾಕೆ ಬಂದೀಯಾ? ನಾನು ಕಟ್ಟಿದ ಚಪಾತಿ ಎಲ್ಲಿ ಹೋತು?"

"ಗೋದಾಮಿನ ವಾಚ್‌ಮನ್‌ಗೆ."

ಕಪಾಳಕ್ಕೆ ಒಂದು ಕೊಡಬೇಕೆನ್ನಿಸಿತು. ಯಾರ ಮಾತಿಗೆ ಹೀಗೆ, ಆ ಧರ್ಮಪ್ಪ ಅಂದಿದ್ದಕ್ಕಾ ಎಂದು ಕೇಳಿದೆ. ತಲೆ ಅಲ್ಲಾಡಿಸಿದಳು.

"ಅವನ ಮಾತಿಗೆ ಯಾರು ಕ್ಯಾರೇ ಅಂತಾರೆ ಅತ್ತೆ? ಮಾವಂಗೋಸ್ಕರ. ಮಾವ ಎತ್ತೇ ಎತ್ತುತಾನೆ, ನಿಂಗೂ ಗೊತ್ತು, ನಂಗೂ ಗೊತ್ತು. ಬ್ಯಾಡ ಅಂದ್ರೆ ಕೇಳ್ತಾನಾ? ಅದಕ್ಕೇ ನಾನೇ ಹಗುರ ಆಗ್ಬಿಟ್ರೆ ಅವನ ಬೆನ್ನು ಉಳೀತದೆ ಅಂತ..."

ಅಷ್ಟು ಹೇಳಿ ಅಳತೊಡಗಿದಳು. ನಾನೂ ಅತ್ತುಬಿಟ್ಟೆ, ಆ ಜಿಮ್ಮಿನ ನಡುವೆ, ಹಾಡು ಬೇರೆ ಜೋರಾಗಿ ಬಡಿದುಕೊಳ್ಳುತ್ತಿತ್ತು. ಕಷ್ಟಪಟ್ಟು ಗಳಿಸಿಕೊಂಡ ಮೈಯನ್ನು ಈ ಹುಡುಗಿ ಒಂದೊಂದು ತುತ್ತು ಬಿಟ್ಟು ಕಳೆದುಕೊಳ್ಳುತ್ತಿದ್ದಾಳೆ, ಅದೂ ನನ್ನ ಗಂಡನ ಹಟಕ್ಕೆ. ಅಲ್ಲೇ ಫೋನು ತೆಗೆದು ಊರಿಗೆ ಮಾಡಿದೆ.

"ಎಲ್ಲಿದೀರಿ?"

"ಮನೇಲಿ" ಎಂದ. ಏದುಸಿರು.

ಹಿಂದಿನಿಂದ ಯಾರೋ ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿತು: "ಏ ಓಂಕಾರಣ್ಣ, ಇಳಿಸಣ್ಣ, ಅರ್ಧ ಚೀಲ ಆತಲ್ಲ, ಇವತ್ತಿಗೆ ಸಾಕು!"

"ನಮ್ಮ ಮನೇಲಿ ಚೀಲ ಇಳಿಸು ಅನ್ನಾಕೆ ಯಾರು ಬಂದಾರೆ?" ಎಂದೆ.

ಚೀಲ ಧೊಪ್ಪೆಂದು ಇಳಿದ ಸದ್ದು ಕೇಳಿತು. ಆಮೇಲೆ, "ಬೈಬ್ಯಾಡ ಕಣೇ. ಸಣ್ಣದರಿಂದ ಅಭ್ಯಾಸ ಮಾಡ್ತಿದೀನಿ. ಕಾಲು ಚೀಲದಿಂದ ಶುರು ಮಾಡ್ದೆ. ಮದುವೆ ಹೊತ್ತಿಗೆ ಪೂರ್ತಿ ಚೀಲಕ್ಕೆ ಬರ್ತೀನಿ. ಬೆಳಿಗ್ಗೆ ಎದ್ದಾಗ ಎಡಗಾಲು ಒಂಚೂರು ಜೋಮು ಹಿಡೀತದೆ, ಅಷ್ಟೇ" ಎಂದ.

ಎಡಗಾಲು ಜೋಮು ಎಂದೊಡನೆ ನನಗೆ ಡಾಕ್ಟರ್ ಹೇಳಿದ ಮಾತು ನೆನಪಾಯಿತು. ಹೆದರಿಕೆ ಬಂದರೂ ನನಗೆ ಬೈಗುಳವಾಗಿಯೇ ಹೊರಗೆ ಬರುತ್ತದೆ, ಏನು ಮಾಡಲಿ.

"ಮಾಡ್ರಿ! ನೀವು ಅಲ್ಲಿ ಚೀಲ ಹೊತ್ತು ಸಾಯಿರಿ, ಇವಳು ಇಲ್ಲಿ ಉಪವಾಸ ಬಿದ್ದು ಸಾಯಲಿ! ಇಬ್ಬರ ತಿಥೀನೂ ಒಂದೇ ದಿನ ಮಾಡಿ ಕೈ ತೊಳ್ಕೊಂತೀನಿ!"

ಫೋನು ಕುಕ್ಕಿ ಅಪ್ಪಿಯ ಕಡೆ ತಿರುಗಿದೆ. ಜಿಮ್ಮಿನ ಹುಡುಗರೆಲ್ಲ ಕಬ್ಬಿಣ ಕೆಳಗಿಟ್ಟು ನಮ್ಮನ್ನೇ ನೋಡುತ್ತಿದ್ದರು.

"ನೀನೂ ಕೇಳು. ನೀನು ಎತ್ತೋ ಈ ಕಬ್ಬಿಣದಾಗೆ ಅರ್ಧಾನೂ ಇಲ್ಲ ಆ ಮುದುಕ. ಅವನು ನಿನ್ನ ಎತ್ತಾಕೆ ಸಾಯೋದು, ನೀನು ಎತ್ತಿಸಿಕೊಳ್ಳಾಕೆ ಸಾಯೋದು. ಅದರ ಬದಲು ನೀನೇ ಅವನ್ನ ಎತ್ಕೊಂಡು ಹೋಗಿ ಮಂಟಪದಾಗೆ ಕೂತ್ಕೊ, ಪೀಡೆ ಕಳೀತದೆ!"

ಸಿಟ್ಟಿನಲ್ಲಿ ಆಡಿದ ಮಾತು. ಬೇಕೆಂದು ಹೇಳಿದ್ದಲ್ಲ. ಆದರೆ ಅಪ್ಪಿ ಅಳು ನಿಲ್ಲಿಸಿ ನನ್ನನ್ನೇ ನೋಡಿದಳು. ಮೂಗು ಒರೆಸಿಕೊಂಡು ಎದ್ದು, "ನಡಿ ಅತ್ತೆ, ತಿಂಡಿ ತಿನ್ನಾನ" ಎಂದಳು. ಎದುರಿನ ಹೋ‌ಟೆಲಿನಲ್ಲಿ ಇಡ್ಲಿ ತಿಂದಳು, ವಡೆ ತಿಂದಳು, ದೋಸೆ ತಿಂದು ಇನ್ನೊಂದು ದೋಸೆ ತರಿಸಿದಳು. ಅಷ್ಟು ಹೊತ್ತಿಗೆ ನನಗೆ ಅರ್ಥವಾಯಿತು.

"ಏನೇ, ನಿಜವಾಗ್ಲೂನಾ?"

"ನೀನೇ ಹೇಳಿದ್ದಲ್ವಾ?"

"ನಾನು ದಿನಾ ನೂರು ಹೇಳ್ತೀನಿ. ಅವನು ಒಪ್ಪಲ್ಲ ಬಿಡು. ಗಂಡಸು, ಹಮಾಲಿ ಬೇರೆ. ಊರ ಮುಂದೆ ಹೆಣ್ಣಿನ ತೋಳಲ್ಲಿ ಕೂರ್ತಾನಾ?"

"ಒಪ್ಪದಿದ್ರೆ ನಾನು ಮಂಟಪಕ್ಕೆ ಹೋಗಲ್ಲ" ಎಂದು ಚಟ್ನಿ ನೆಕ್ಕಿದಳು. "ಈಗ್ಲೇ ಹೇಳಬ್ಯಾಡ. ಮೊದ್ಲೇ ಗೊತ್ತಾದ್ರೆ ನೂರು ನೆಪ ಹುಡುಕ್ತಾನೆ. ನಾನೇ ಕೇಳ್ತೀನಿ, ಅವತ್ತೇ."

ಮಂಡಿಯವರಿಗೆ ಮಾತ್ರ ನಾನು ಫೋನು ಮಾಡಿ, ಇನ್ನೊಂದು ಚೀಲ ಓಂಕಾರಪ್ಪನ ಕೈಗೆ ಕೊಟ್ಟರೆ ನಾನೇ ಬಂದು ಮಂಡಿಯ ಬಾಗಿಲಲ್ಲಿ ಕೂರುತ್ತೇನೆ ಎಂದು ಹೇಳಿದೆ. ನನ್ನ ಬಾಯಿ ಅವರಿಗೆ ಗೊತ್ತು. ಕೊಡಲಿಲ್ಲ.

ಮುಂದಿನ ಭಾನುವಾರ ರಘುನಾಥ ಬಂದಾಗ ಅಪ್ಪಿ ಎಲ್ಲ ಹೇಳಿದಳು. ಅವನು ಚಪ್ಪಲಿ ಕಳಚಿ, "ಮೊದ್ಲು ನನ್ನ ಎತ್ತಿ ನೋಡು" ಎಂದು ಮುಂದೆ ಬಂದು ನಿಂತ. ಅವಳು ಅವನನ್ನು ಮಗುವಿನ ಹಾಗೆ ಎರಡೂ ತೋಳಿನಲ್ಲಿ ಎತ್ತಿಕೊಂಡು ವರಾಂಡದಲ್ಲಿ ಆ ತುದಿಯಿಂದ ಈ ತುದಿಗೆ ನಡೆದಳು. ಬಟ್ಟೆ ಒಣಹಾಕಲು ಬಂದ ಮನೆ ಓನರಮ್ಮ ಬಕೆಟ್ ಸಮೇತ ಅಲ್ಲೇ ನಿಂತುಬಿಟ್ಟರು. "ಮದುವೆ ಪ್ರಾಕ್ಟೀಸ್ ಆಂಟಿ" ಎಂದ ರಘುನಾಥ, ತೋಳಿನಲ್ಲಿ ಮಲಗಿಕೊಂಡೇ. ಆ ಹುಡುಗನ ಮೇಲಿದ್ದ ನನ್ನ ಅಷ್ಟಿಷ್ಟು ಸಿಟ್ಟೂ ಅವತ್ತಿಗೆ ಹೋಯಿತು.

ಮದುವೆ ಸವಳಂಗದ ಸಮುದಾಯ ಭವನದಲ್ಲಿ. ಬುದ್ಧನ ಚಿತ್ರಕ್ಕೆ ಸೇವಂತಿಗೆ ಹಾರ ಹಾಕಿ, ಪಕ್ಕದಲ್ಲೇ ಬಾಳೆಕಂದು ಕಟ್ಟಿ, ಎರಡೂ ನಮ್ಮವೇ ಎಂದು ಮಂಟಪ ಮಾಡಿದ್ದೆವು. ಬಿಳಿಚೋಡಿನವರು ಹೆಣ್ಣು ಗಂಡು ಕೂರಲು ಎರಡು ಕರಿ ಕಂಬಳಿ ತಂದು ಹಾಸಿದರು. ಚನ್ನಗಿರಿ ಮಂಡಿಯ ಹಮಾಲರು ಒಂದು ಟೆಂಪೊ ತುಂಬ ಬಂದು ಮುಂದಿನ ಸಾಲಿನಲ್ಲೇ ಕೂತರು. ನಮ್ಮ ಪೈಕಿಯ ಹಿರಿಯ ಉಚ್ಚಂಗೆಪ್ಪಜ್ಜ ಶಾಸ್ತ್ರ ಹೇಳಿಕೊಡುವವರು.

ಹೆಣ್ಣಿನ ಕೋಣೆಯ ಬಾಗಿಲಿಗೆ ಓಂಕಾರಪ್ಪ ಬಂದ. ಬಿಳಿ ಅಂಗಿಯ ಒಳಗೆ ಸೊಂಟದ ಬೆಲ್ಟನ್ನು ಉಸಿರಾಡಲು ಆಗದಷ್ಟು ಬಿಗಿದುಕೊಂಡಿದ್ದ. ನೋವಿನ ಮಾತ್ರೆ ನುಂಗಿದ್ದು ಕಣ್ಣಿನಲ್ಲೇ ಗೊತ್ತಾಗುತ್ತಿತ್ತು. ಅವನ ಬೆನ್ನ ಹಿಂದೆಯೇ ಧರ್ಮಪ್ಪ, ಜರಿ ಪಂಚೆ ಉಟ್ಟು, ಫೋಟೊದವನನ್ನು ಜೊತೆಗೇ ಕರೆದುಕೊಂಡು.

"ಅಣ್ಣಾ, ಹಟ ಬಿಡು. ಮಧ್ಯದಾಗೆ ಕೆಡವಿದ್ರೆ ಅಪಶಕುನ" ಎಂದ ಧರ್ಮಪ್ಪ.

ಓಂಕಾರಪ್ಪ ಅವನ ಕಡೆ ತಿರುಗಿಯೂ ನೋಡಲಿಲ್ಲ. ಹಳದಿ ಸೀರೆ ಉಟ್ಟು ಬಾಸಿಂಗ ಕಟ್ಟಿ ನಿಂತಿದ್ದ ಅಪ್ಪಿಯ ಎದುರು ಬಂದು, ಕಾಲು ಅಗಲಿಸಿ, ಬಗ್ಗಲು ಹೋದ. ಅರ್ಧಕ್ಕೇ ನಿಂತ. ಹಣೆಯ ಮೇಲೆ ಬೆವರು ಕಿತ್ತುಕೊಂಡಿತು. ಅಪ್ಪಿ ಅವನ ಎರಡೂ ಭುಜ ಹಿಡಿದಳು.

"ಮಾವ, ನಾನು ಎತ್ತಲಾ ನಿನ್ನ?"

ಅವನಿಗೆ ತಿಳಿಯಲಿಲ್ಲ. ತಿಳಿದ ಮೇಲೆ ಮುಖ ಕಪ್ಪಿಟ್ಟಿತು.

"ಹುಚ್ಚು ಹಿಡೀತಾ ನಿಂಗೆ? ನಗ್ತಾರೆ ಕಣೇ."

"ನಗಲಿ. ನೀನು ಬಗ್ಗಿ ನನ್ನ ಎತ್ತಿದ್ರೆ ನಾಳೆಯಿಂದ ನೀನು ನಡಿಯಲ್ಲ. ಅಂಥ ಮದುವೆ ನಂಗೆ ಬ್ಯಾಡ. ಬೇರೆಯೋರು ಎತ್ತಿದ್ರೂ ಬ್ಯಾಡ. ನೀನಿಲ್ದೆ ನಾನು ಈ ಹೊಸ್ತಿಲು ದಾಟಲ್ಲ, ಬಂದೋರೆಲ್ಲ ಉಂಡು ಮನೆಗೆ ಹೋಗಲಿ."

"ನನ್ನ ಮಾನ..."

"ನಿನ್ನ ಮಾನ ನಾನು ಕೆಳಗೆ ಬೀಳಿಸಲ್ಲ ಮಾವ."

ಓಂಕಾರಪ್ಪ ನನ್ನ ಕಡೆ ನೋಡಿದ. ಇಷ್ಟು ವರ್ಷದ ಸಂಸಾರದಲ್ಲಿ ಅವನು ನನ್ನನ್ನು ಒಂದು ಮಾತು ಕೇಳಿದ್ದು ಅದೇ ಮೊದಲು, ಅದೂ ಬಾಯಿ ಬಿಡದೆ. "ಹೋಗ್ರಿ, ಊಟಕ್ಕೆ ಹೊತ್ತಾತು" ಎಂದೆ.

ಅವನು ಕಣ್ಣು ಮುಚ್ಚಿಕೊಂಡು ಅವಳ ಕೊರಳಿಗೆ ಕೈ ಹಾಕಿದ. ಅಪ್ಪಿ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಮಂಡಿ ಬಗ್ಗಿಸಿ, ಅವನ ಬೆನ್ನಿಗೆ ಒಂದು ತೋಳು, ಮೊಣಕಾಲ ಹಿಂದೆ ಒಂದು ತೋಳು ಕೊಟ್ಟು ಎದ್ದು ನಿಂತಳು. ಬಳೆ ಒಂದೂ ಒಡೆಯಲಿಲ್ಲ.

ಬಾಗಿಲಿಗೆ ಬಂದಾಗ ವಾಲಗದವರು ನುಡಿಸುವುದನ್ನೇ ಮರೆತರು. ಎಲ್ಲೋ ಹಿಂದೆ ಯಾರೋ ಕಿಸಕ್ಕೆಂದರು. ನಾನು ಅತ್ತ ತಿರುಗಿ ಒಂದು ನೋಟ ಬಿಟ್ಟೆ, ಆಮೇಲೆ ಸದ್ದಿಲ್ಲ. ಉಚ್ಚಂಗೆಪ್ಪಜ್ಜ ಮಾತ್ರ ಮಂಟಪದಿಂದ ಕೈ ಎತ್ತಿದರು.

"ನಿಲ್ಲವ್ವ! ಬಾಸಿಂಗ ಕಟ್ಟಿದ ಹೆಣ್ಣಿನ ಕಾಲು ಬರಿನೆಲ ಮುಟ್ಟಂಗಿಲ್ಲ. ಮಾವ ಎತ್ತೋದು ಅದಕ್ಕೇ ಅಲ್ವಾ?"

"ಅದನ್ನೇ ನಾನು ಹೇಳಿದ್ದು!" ಎಂದ ಧರ್ಮಪ್ಪ.

ಅಪ್ಪಿ ಹೊಸ್ತಿಲ ಮೇಲೆ ನಿಂತಳು, ತೋಳಿನಲ್ಲಿ ಮಾವ. ಎಷ್ಟು ಹೊತ್ತೆಂದು ನಿಂತಾಳು? ಅಷ್ಟರಲ್ಲಿ ರಘುನಾಥ ಮಂಟಪದಿಂದ ಎದ್ದ. ತಾನು ಕೂತಿದ್ದ ಕಂಬಳಿಯನ್ನೂ ಪಕ್ಕದ ಕಂಬಳಿಯನ್ನೂ ಎಳೆದುಕೊಂಡು ಬಂದು ಅವಳ ಕಾಲ ಮುಂದೆ ಒಂದನ್ನು ಹಾಸಿದ. ಅವಳು ಅದರ ಮೇಲೆ ಬಂದ ಕೂಡಲೆ ಮುಂದೆ ಇನ್ನೊಂದು. ಹಿಂದಿನದನ್ನು ಎಳೆದು ಮತ್ತೆ ಮುಂದೆ. ಮದುಮಗ ಬಾಸಿಂಗ ಕಟ್ಟಿಕೊಂಡು, ಪಂಚೆ ಎತ್ತಿ ಕಟ್ಟಿ, ನೆಲದ ಮೇಲೆ ಓಡಾಡಿ ಕಂಬಳಿ ಹಾಸುತ್ತಿದ್ದರೆ ಬಿಳಿಚೋಡಿನ ಕಡೆಯ ಹೆಂಗಸರು ಮೊದಲು ನಕ್ಕರು, ಆಮೇಲೆ ತಾವೇ ಎದ್ದು ಬಂದು ಕಂಬಳಿಯ ಇನ್ನೊಂದು ತುದಿ ಹಿಡಿದರು. ವಾಲಗ ಮತ್ತೆ ಶುರುವಾಯಿತು. ಮುಂದಿನ ಸಾಲಿನ ಹಮಾಲರು ಮಾತ್ರ ನಗಲೂ ಇಲ್ಲ, ಚಪ್ಪಾಳೆ ತಟ್ಟಲೂ ಇಲ್ಲ. ಅವಳ ಪಾದವನ್ನೇ ನೋಡುತ್ತ ಉಸಿರು ಬಿಗಿಹಿಡಿದು ಕೂತಿದ್ದರು.

ಅಪ್ಪಿ ಮಂಟಪ ಹತ್ತಿ, ಕುರ್ಚಿಯ ಮೇಲೆ ಮಾವನನ್ನು ಮೆಲ್ಲಗೆ ಇಳಿಸಿ, ಅವನ ಅಂಗಿಯ ಮಡಿಕೆ ಸರಿಮಾಡಿ, ರಘುನಾಥನ ಪಕ್ಕ ಕೂತಳು. ಆಗ ಓಂಕಾರಪ್ಪ ಕಣ್ಣು ಬಿಟ್ಟ.

ಹೆಣ್ಣನ್ನು ತಂದು ಕೂರಿಸಿದ ಸೋದರಮಾವನಿಗೆ ಹಿರಿಯರು ಕೆಂಪು ರುಮಾಲು ಸುತ್ತುವುದು ನಮ್ಮಲ್ಲಿ ಮರ್ಯಾದೆ. ಉಚ್ಚಂಗೆಪ್ಪಜ್ಜ ರುಮಾಲು ಹಿಡಿದುಕೊಂಡು ಅತ್ತ ಇತ್ತ ನೋಡಿದರು. ಧರ್ಮಪ್ಪನಿಗೆ ಅಷ್ಟೇ ಸಾಕಾಯಿತು.

"ಎತ್ತಿದೋರಿಗೆ ರುಮಾಲು ಸುತ್ತೋದು ಪದ್ಧತಿ, ಎತ್ತಿಸಿಕೊಂಡೋರಿಗಲ್ಲ. ಅದನ್ನ ಒಳಗಿಡ್ರಿ ಅಜ್ಜ" ಎಂದ, ಎಲ್ಲರಿಗೂ ಕೇಳುವ ಹಾಗೆ.

ಅಪ್ಪಿ ಸಿಟ್ಟಿನಿಂದ ಅರ್ಧ ಎದ್ದಳು. ನಾನು ಚಪ್ಪಲಿ ಎಲ್ಲಿ ಬಿಟ್ಟಿದ್ದೆ ಎಂದು ನೋಡುತ್ತಿದ್ದೆ. ಅಷ್ಟರಲ್ಲಿ ಓಂಕಾರಪ್ಪ ಕುರ್ಚಿಯ ಕೈ ಹಿಡಿದು ಎದ್ದು, ಅಜ್ಜನ ಕೈಯಿಂದ ರುಮಾಲು ತೆಗೆದುಕೊಂಡ.

"ಧರ್ಮಪ್ಪ ಸರಿಯಾಗೇ ಹೇಳ್ದ. ಎತ್ತಿದೋರಿಗೇ ಸುತ್ತಬೇಕು."

ಹಾಗೆಂದು ಅಪ್ಪಿಯ ಹಿಂದೆ ಹೋಗಿ ನಿಂತು, ಅವಳ ತಲೆಗೆ ಆ ರುಮಾಲನ್ನು ಸುತ್ತಿದ. ನಿಧಾನವಾಗಿ, ಸುತ್ತಿನ ಮೇಲೆ ಸುತ್ತು, ಕೊನೆಯ ತುದಿಯನ್ನು ಕಿವಿಯ ಹಿಂದೆ ಸಿಕ್ಕಿಸಿ. ಬಾಸಿಂಗ ಒಂದು ಕಡೆಗೆ ವಾಲಿತು. ಸರಿಮಾಡಲು ಉಡಚಮ್ಮ ಕೈ ಚಾಚಿದಳು.

"ಮುಟ್ಟಬ್ಯಾಡ, ಇರಲಿ" ಎಂದ ನನ್ನ ಗಂಡ.

ರಘುನಾಥ ತಾಳಿ ಕಟ್ಟಿದ್ದು ಆ ರುಮಾಲು ಸುತ್ತಿದ ತಲೆಯ ಹೆಣ್ಣಿಗೇ.